ಫಂಡಿನ ಗಳಿಕೆ ಬೇರೆ, ನಿಮ್ಮ ಗಳಿಕೆ ಬೇರೆ

ಪ್ರಶ್ನೆ: ನಾನು ಉಡುಪಿಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 51. ಮೂರು ವರ್ಷಗಳ ಹಿಂದೆ, ಸಂಬಳ ಜಮೆಯಾಗುವ ಬ್ಯಾಂಕಿನವರ ಸಲಹೆಯಂತೆ ಒಂದು ಲಾರ್ಜ್‌ಕ್ಯಾಪ್ (ದೊಡ್ಡ ಕಂಪನಿಗಳ ಷೇರಿನ) ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ 10,000 ರೂಪಾಯಿಯ ಎಸ್‌ಐಪಿ (ಕಂತಿನ ಹೂಡಿಕೆ) ಆರಂಭಿಸಿದೆ. ಇದುವರೆಗೆ ಕಟ್ಟಿದ್ದು 3.60 ಲಕ್ಷ, ಈಗಿನ ಮೌಲ್ಯ 4.31 ಲಕ್ಷ. ಲಾಭ ಶೇ. 19.7; ಮೂರರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ಆರೂವರೆ. ಮಂಗಳೂರಿನಲ್ಲಿರುವ ಭಾವನವರಿಗೆ ಸೊಸೈಟಿಯ ಠೇವಣಿಯಲ್ಲಿ ಶೇ. 8 ಬಡ್ಡಿ ಬರುತ್ತಿದೆ. ‘ಇಷ್ಟಕ್ಕೆ ಷೇರುಪೇಟೆಯ ತಲೆನೋವು ಯಾಕೆ?’ ಎಂದು ಅವರು ನಗುತ್ತಾರೆ. ಆದರೆ ಅದೇ ಫಂಡಿನ ಕರಪತ್ರದಲ್ಲಿ ಐದು ವರ್ಷಗಳ ಗಳಿಕೆ ವಾರ್ಷಿಕ ಶೇ. 17 ಎಂದು ಅಚ್ಚಾಗಿದೆ. ಈಗ ಬ್ಯಾಂಕಿನವರೇ ಇದನ್ನು ಬಿಟ್ಟು, ಕಳೆದ ಒಂದು ವರ್ಷದಲ್ಲಿ ಶೇ. 30ಕ್ಕಿಂತ ಹೆಚ್ಚು ಕೊಟ್ಟ ಸ್ಮಾಲ್‌ಕ್ಯಾಪ್ (ಸಣ್ಣ ಕಂಪನಿಗಳ) ಫಂಡಿಗೆ ಬದಲಾಯಿಸಿ ಎನ್ನುತ್ತಿದ್ದಾರೆ. ಯಾರ ಲೆಕ್ಕ ಸರಿ? ಫಂಡ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಅಂಕಿಗಳು ಜಗಳವಾಡುತ್ತಿವೆ: ನಿಮ್ಮ ಆರೂವರೆ, ಭಾವನವರ ಎಂಟು, ಕರಪತ್ರದ ಹದಿನೇಳು. ಎಂಟು ಸರಿ. ಹದಿನೇಳೂ ಬಹುಶಃ ಸರಿಯೇ. ತಪ್ಪಿರುವುದು ನಿಮ್ಮ ಆರೂವರೆ.

3.60 ಲಕ್ಷವನ್ನು ಮೊದಲ ದಿನವೇ ಇಡಿಯಾಗಿ ಕಟ್ಟಿದ್ದರೆ ಮೂರರಿಂದ ಭಾಗಿಸುವುದಕ್ಕೆ ಅಷ್ಟಿಷ್ಟು ಅರ್ಥವಿರುತ್ತಿತ್ತು. ನೀವು ಕಟ್ಟಿದ್ದು 36 ಕಂತುಗಳಲ್ಲಿ. ಮೊದಲ ಕಂತು ಮೂರು ವರ್ಷ ದುಡಿದಿದೆ, ಕೊನೆಯದಕ್ಕೆ ಇನ್ನೂ ಒಂದೇ ತಿಂಗಳು. ಸರಾಸರಿ ಹಿಡಿದರೆ ನಿಮ್ಮ ಹಣ ಫಂಡಿನಲ್ಲಿ ಇದ್ದದ್ದು ಒಂದೂವರೆ ವರ್ಷದಷ್ಟು ಮಾತ್ರ. ಆ ಒಂದೂವರೆ ವರ್ಷಕ್ಕೆ ಶೇ. 19.7 ಬಂದಿದೆ ಎಂದರೆ ವಾರ್ಷಿಕ ಲೆಕ್ಕದಲ್ಲಿ ಅದು ಸುಮಾರು ಶೇ. 12.

ಭಾವನವರ ಎಂಟಕ್ಕೂ ಇದೇ ಅಳತೆ ಹಿಡಿಯಬೇಕು. ತಿಂಗಳಿಗೆ 10,000 ರೂಪಾಯಿಯ ಆರ್‌ಡಿಯನ್ನು ಶೇ. 8ರ ಬಡ್ಡಿಗೆ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿಯಂತೆ, 36 ತಿಂಗಳು ಕಟ್ಟಿದ್ದರೆ ಕೈಗೆ ಬರುತ್ತಿದ್ದದ್ದು ಸುಮಾರು 4.08 ಲಕ್ಷ. ನಿಮಗೆ ಬಂದಿರುವುದು 4.31 ಲಕ್ಷ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಹೋದದ್ದು ನಿಮ್ಮ ಊರಿನಿಂದಲೇ. ಕಂತಿನಲ್ಲಿ ಕಟ್ಟಿದ ಹಣಕ್ಕೆ ಇಡಿಗಂಟಿನ ಬಡ್ಡಿ ಬರುವುದಿಲ್ಲವೆಂದು ಪಿಗ್ಮಿ ಕಟ್ಟಿ ಬೆಳೆದ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಸ್‌ಐಪಿ ಎಂಬ ಹೆಸರು ಬಂದಾಗ ಮಾತ್ರ ಈ ತಿಳಿವಳಿಕೆ ಎಲ್ಲಿ ಹೋಗುತ್ತದೋ ಕಾಣೆ.

ಭಾವನವರ ಠೇವಣಿಯ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಡಿಐಸಿಜಿಸಿಯ ವಿಮೆ ಇದೆ. 2020ರ ಫೆಬ್ರವರಿಯಿಂದ ಅದರ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ನಮ್ಮ ಕಡೆ ಚೆನ್ನಾಗಿ ನಡೆಯುವ ಸೊಸೈಟಿಗಳು ಬೇಕಾದಷ್ಟಿವೆ, ಹಾಗೆಂದು ಸೊಸೈಟಿಯ ಎಂಟನ್ನೂ ಬ್ಯಾಂಕಿನ ಬಡ್ಡಿಯನ್ನೂ ಒಂದೇ ಜಾತಿಯ ಅಂಕಿಗಳೆಂದು ಹೋಲಿಸಬಾರದು.

ಇನ್ನು ನಿಮ್ಮ ಶೇ. 12 ಎಲ್ಲಿಂದ ಬಂತು ಎಂಬುದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ನೀವೇ ಮಾಡಿ ನೋಡಿ. ಫಂಡುಗಳ ಖಾತೆ ನಿರ್ವಹಿಸುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಿಂದ ನಿಮ್ಮ ಪಾನ್‌ಗೆ ಸೇರಿದ ಒಟ್ಟು ಸ್ಟೇಟ್‌ಮೆಂಟನ್ನು ಉಚಿತವಾಗಿ ತರಿಸಿಕೊಳ್ಳಬಹುದು. ಅದರಲ್ಲಿ ಪ್ರತಿ ಕಂತಿನ ಎದುರು 10,000ದ ಬದಲು 9,999.50 ಎಂದಿರುತ್ತದೆ, ಆ ಐವತ್ತು ಪೈಸೆ 2020ರ ಜುಲೈಯಿಂದ ಯೂನಿಟ್ ಖರೀದಿಯ ಮೇಲೆ ಬಂದಿರುವ ಶೇ. 0.005ರ ಮುದ್ರಾಂಕ ಶುಲ್ಕ, ಗಾಬರಿ ಬೇಡ. ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿ ಕಂತಿನ ದಿನಾಂಕಗಳು, ಪಕ್ಕದ ಕಾಲಂನಲ್ಲಿ ನೀವು ಕಟ್ಟಿದ 10,000 ಋಣ ಚಿಹ್ನೆಯೊಂದಿಗೆ. 36 ಸಾಲುಗಳಾದ ಮೇಲೆ ಕೊನೆಯ ಸಾಲಿನಲ್ಲಿ ಇಂದಿನ ದಿನಾಂಕ ಮತ್ತು ಇಂದಿನ ಮೌಲ್ಯ, ಈ ಬಾರಿ ಋಣ ಚಿಹ್ನೆ ಇಲ್ಲದೆ. ಕೆಳಗೆ, ಕಂತುಗಳ ದಿನಾಂಕವನ್ನೂ ಹಿಡಿದು ವಾರ್ಷಿಕ ಗಳಿಕೆ ಹೇಳುವ ಎಕ್ಸ್‌ಐಆರ್‌ಆರ್ (XIRR) ಸೂತ್ರ ಹಾಕಿ ಎರಡೂ ಕಾಲಂಗಳನ್ನು ಗುರುತಿಸಿದರೆ ಉತ್ತರ ಬರುತ್ತದೆ. ಗಣಿತದ ಮೇಷ್ಟರ ಸಹಾಯವೂ ಬೇಡ, ಹತ್ತನೆಯ ತರಗತಿಯ ಮಕ್ಕಳು ಮಾಡಿಕೊಡುತ್ತಾರೆ.

ಅದು ನಿಮ್ಮ ಗಳಿಕೆ. ಫಂಡಿನ ಗಳಿಕೆ ಬೇರೆಯೇ ವಸ್ತು. ಈ ಎರಡನ್ನು ಬೆರೆಸಿದರೆ ನಿಮ್ಮ ಪ್ರಶ್ನೆಗೆ ಯಾವ ಕಾಲಕ್ಕೂ ಉತ್ತರ ಸಿಗುವುದಿಲ್ಲ.

ಒಂದು ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 100 ರೂಪಾಯಿ ಇತ್ತು ಎನ್ನಿ. ಮೊದಲ ವರ್ಷ ಅದು 150ಕ್ಕೆ ಏರಿತು, ಎರಡನೆಯ ವರ್ಷ ಶೇ. 10 ಇಳಿದು 135ಕ್ಕೆ ನಿಂತಿತು. ಕರಪತ್ರ ಅಚ್ಚು ಹಾಕಿಸುವವರು ‘ಎರಡು ವರ್ಷಗಳಲ್ಲಿ ವಾರ್ಷಿಕ ಶೇ. 16.2’ ಎಂದು ಬರೆಸುತ್ತಾರೆ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಈಗ ಒಬ್ಬರು ಮೊದಲಿಗೆ ಅಳುಕುತ್ತ ಒಂದು ಲಕ್ಷ ಹಾಕಿದರು. ವರ್ಷ ಕಳೆದು ಅದು ಒಂದೂವರೆ ಲಕ್ಷವಾದದ್ದನ್ನು ಕಂಡು ಧೈರ್ಯ ಬಂದು ಇನ್ನು ನಾಲ್ಕು ಲಕ್ಷ ಸುರಿದರು. ಐದೂವರೆ ಲಕ್ಷದ ಮೇಲೆ ಶೇ. 10 ಇಳಿಯಿತು, ಉಳಿದದ್ದು 4.95 ಲಕ್ಷ. ಕೈಯಿಂದ ಹೋದದ್ದು ಐದು ಲಕ್ಷ. ಶೇ. 16 ಗಳಿಸಿದ ಫಂಡಿನಲ್ಲಿ ಇವರಿಗೆ ಐದು ಸಾವಿರ ನಷ್ಟ. ಫಂಡ್ ನಡೆಸುವವರಿಗೆ ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದರ ಮೇಲೆ ಹಿಡಿತವಿಲ್ಲ. ಆದ್ದರಿಂದ ಅವರ ಕೆಲಸವನ್ನು ಎನ್‌ಎವಿಯಿಂದ ಅಳೆಯುತ್ತೇವೆ, ನಿಮ್ಮ ನಿರ್ಧಾರಗಳನ್ನು ಎಕ್ಸ್‌ಐಆರ್‌ಆರ್‌ನಿಂದ ಅಳೆಯುತ್ತೇವೆ. ನಿಮ್ಮ ಹನ್ನೆರಡಕ್ಕೂ ಕರಪತ್ರದ ಹದಿನೇಳಕ್ಕೂ ನಡುವೆ ಮೋಸವೇನೂ ನಡೆದಿಲ್ಲ. ಅವಧಿ ಬೇರೆ, ಹಣ ಒಳಗೆ ಹೋದ ರೀತಿ ಬೇರೆ.

ಆದರೂ ಆ ಹದಿನೇಳನ್ನು ಹಾಗೆಯೇ ನುಂಗಬೇಕಾಗಿಲ್ಲ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ ದಿನಾಂಕವನ್ನು ನೋಡಿ. ದಿನಾಂಕ ಎಷ್ಟು ಆಟವಾಡಬಲ್ಲದು ಎಂಬುದಕ್ಕೆ ನಿಫ್ಟಿ 50 ಸೂಚ್ಯಂಕವೇ ಸಾಕ್ಷಿ. 2020ರ ಜನವರಿ 14ರಂದು ಅದು 12,362ರಲ್ಲಿತ್ತು. ಐದು ವರ್ಷ ಬಿಟ್ಟು 2025ರ ಜನವರಿ 14ಕ್ಕೆ ಸುಮಾರು 23,176. ವಾರ್ಷಿಕ ಏರಿಕೆ ಶೇ. 13.4. ನಡುವೆ ಕೋವಿಡ್ ಬಂದು 2020ರ ಮಾರ್ಚ್ 23ರಂದು ಸೂಚ್ಯಂಕ 7,610ಕ್ಕೆ ಕುಸಿದಿತ್ತಲ್ಲ, ಆ ದಿನದಿಂದ ಎಣಿಸಿ. 2025ರ ಮಾರ್ಚ್ 21ಕ್ಕೆ ನಿಫ್ಟಿ ಸುಮಾರು 23,350, ವಾರ್ಷಿಕ ಏರಿಕೆ ಶೇ. 25. ಎರಡು ಲೆಕ್ಕಗಳ ನಡುವೆ ಸೂಚ್ಯಂಕ ಏರಿದ್ದು ಇನ್ನೂರು ಅಂಶಗಳ ಆಸುಪಾಸು, ಐದು ವರ್ಷದ ಗಳಿಕೆ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಮಲ್ಪೆಯಲ್ಲಿ ಇಳಿತದ ಹೊತ್ತಿಗೆ ಗುರುತು ನೆಟ್ಟು, ಉಬ್ಬರದ ಹೊತ್ತಿಗೆ ಬಂದು ಕಡಲು ಏರಿತೆಂದು ಸಾರಿದ ಹಾಗೆ. ಆ ವರ್ಷ ಅಚ್ಚಾದ ಕರಪತ್ರಗಳು ಹೇಗಿದ್ದಿರಬೇಕು, ಊಹಿಸಿಕೊಳ್ಳಿ.

ಈ ಆಟದಿಂದ ತಪ್ಪಿಸಿಕೊಳ್ಳಲು ಬಲ್ಲವರು ‘ರೋಲಿಂಗ್ ರಿಟರ್ನ್’ ನೋಡುತ್ತಾರೆ. ಹತ್ತು ವರ್ಷದ ಎನ್‌ಎವಿ ತೆಗೆದುಕೊಂಡು, ಪ್ರತಿ ದಿನವೂ ಒಬ್ಬರು ಹಣ ಹಾಕಿ ಮೂರು ವರ್ಷ ಇಟ್ಟರು ಎಂದು ಲೆಕ್ಕ ಹಾಕುವುದು. ಆಗ ಒಂದು ಅಂಕಿಯ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಅಂಕಿಗಳು ಸಿಗುತ್ತವೆ. ಅತಿ ಕೆಟ್ಟ ಮೂರು ವರ್ಷ ಹೇಗಿತ್ತು, ನೂರಕ್ಕೆ ಎಷ್ಟು ಸಲ ಫಂಡ್ ತನ್ನ ಸೂಚ್ಯಂಕವನ್ನು ದಾಟಿತು ಎಂಬ ಎರಡು ಉತ್ತರಗಳು ಸಾಕು. ಇದನ್ನು ಉಚಿತವಾಗಿ ತೋರಿಸುವ ಜಾಲತಾಣಗಳಿವೆ, ನೀವು ಲೆಕ್ಕ ಹಾಕುತ್ತ ಕೂರಬೇಕಿಲ್ಲ.

‘ತನ್ನ ಸೂಚ್ಯಂಕ’ ಎಂದೆ. ಫಂಡಿನ ಮೌಲ್ಯಮಾಪನದಲ್ಲಿ ಇದಕ್ಕಿಂತ ಮುಖ್ಯವಾದ ವಿಚಾರ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಶೇ. 17 ದೊಡ್ಡದೋ ಚಿಕ್ಕದೋ ಎಂದು ತಾನಾಗಿ ಹೇಳುವುದಿಲ್ಲ. ಫಂಡಿನ ಫ್ಯಾಕ್ಟ್‌ಶೀಟಿನಲ್ಲಿ (ಮಾಹಿತಿ ಪತ್ರದಲ್ಲಿ) ಅದರ ಅಂಕಿಯ ಪಕ್ಕದಲ್ಲೇ ಮಾನದಂಡ ಸೂಚ್ಯಂಕದ ಅಂಕಿಯೂ ಇರುತ್ತದೆ. ಲಾರ್ಜ್‌ಕ್ಯಾಪ್ ಫಂಡಾದರೆ ಅದು ಸಾಮಾನ್ಯವಾಗಿ ನಿಫ್ಟಿ 100 ಅಥವಾ ಬಿಎಸ್‌ಇ 100. ಅಲ್ಲಿ 15 ಇದ್ದರೆ ನಿಮ್ಮ ಫಂಡ್ ಮ್ಯಾನೇಜರ್ ಸಂಬಳಕ್ಕೆ ತಕ್ಕ ಕೆಲಸ ಮಾಡಿದ್ದಾರೆ. 18 ಇದ್ದರೆ, ಏನೂ ಯೋಚಿಸದೆ ನೂರು ದೊಡ್ಡ ಕಂಪನಿಗಳನ್ನು ಸುಮ್ಮನೆ ಕೊಂಡಿಟ್ಟವರು ಇವರನ್ನು ಸೋಲಿಸಿದ್ದಾರೆ. ಮಾರುಕಟ್ಟೆ ಏರಿದ್ದಕ್ಕೆ ಮ್ಯಾನೇಜರ್ ಬೆನ್ನು ತಟ್ಟುವುದೂ, ಇಳಿದದ್ದಕ್ಕೆ ಅವರನ್ನು ಬೈಯುವುದೂ ಎರಡೂ ಅನ್ಯಾಯ.

ಸೂಚ್ಯಂಕದ ಹೆಸರಿನ ಕೊನೆಗೆ ಟಿಆರ್‌ಐ ಎಂದಿದೆಯೇ ನೋಡಿಕೊಳ್ಳಿ. ಕಂಪನಿಗಳು ಕೊಟ್ಟ ಲಾಭಾಂಶವನ್ನೂ ಸೇರಿಸಿದ ಸೂಚ್ಯಂಕ ಅದು. ಫಂಡಿಗೆ ಬರುವ ಲಾಭಾಂಶ ಎನ್‌ಎವಿಯಲ್ಲಿ ಸೇರಿಕೊಳ್ಳುತ್ತದೆ. ಸಾದಾ ನಿಫ್ಟಿಯಲ್ಲಿ ಸೇರುವುದಿಲ್ಲ. ವರ್ಷಕ್ಕೆ ಒಂದರಿಂದ ಒಂದೂವರೆ ಪ್ರತಿಶತದಷ್ಟು ಬರುವ ಈ ಲಾಭಾಂಶವನ್ನು ಎದುರಾಳಿಯ ಲೆಕ್ಕದಿಂದ ಬಿಟ್ಟು ‘ನಾವು ನಿಫ್ಟಿಯನ್ನು ಸೋಲಿಸಿದೆವು’ ಎನ್ನುವುದು ವರ್ಷಗಟ್ಟಲೆ ನಡೆಯಿತು. 2018ರ ಫೆಬ್ರವರಿಯಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಟಿಆರ್‌ಐಯನ್ನೇ ಕಡ್ಡಾಯ ಮಾಡಿದ ಮೇಲೆ ಹಲವು ಫಂಡುಗಳ ಗೆಲುವು ತೆಳುವಾಯಿತು.

ಹಳೆಯ ದಾಖಲೆಯ ಬಗ್ಗೆ ಇನ್ನೊಂದು ಎಚ್ಚರ ಬೇಕು. 2017ರ ಅಕ್ಟೋಬರ್‌ನಲ್ಲಿ ಸೆಬಿ ಫಂಡುಗಳ ವರ್ಗೀಕರಣವನ್ನು ಬಿಗಿಮಾಡಿತು: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್‌ಕ್ಯಾಪ್, 101ರಿಂದ 250 ಮಿಡ್‌ಕ್ಯಾಪ್, ಉಳಿದದ್ದು ಸ್ಮಾಲ್‌ಕ್ಯಾಪ್; ಲಾರ್ಜ್‌ಕ್ಯಾಪ್ ಎಂದು ಹೆಸರಿಟ್ಟುಕೊಂಡ ಫಂಡ್ ಕನಿಷ್ಠ ಶೇ. 80ರಷ್ಟನ್ನು ಮೊದಲ ನೂರರಲ್ಲೇ ಇಡಬೇಕು. ಅದಕ್ಕೆ ಮೊದಲು ಈ ಕಟ್ಟುಪಾಡು ಇರಲಿಲ್ಲ. ದೊಡ್ಡ ಕಂಪನಿಗಳ ಫಂಡ್ ಎಂದು ಮಾರಾಟವಾಗುತ್ತಿದ್ದದ್ದರ ಒಳಗೆ ಮಧ್ಯಮ ಗಾತ್ರದ ಷೇರುಗಳು ಧಾರಾಳವಾಗಿ ಇರಬಹುದಿತ್ತು, ಹೋಲಿಕೆ ಮಾತ್ರ ದೊಡ್ಡ ಕಂಪನಿಗಳ ಸೂಚ್ಯಂಕದ ಜೊತೆ. ‘ಆರಂಭದಿಂದ ಇಂದಿನವರೆಗೆ’ ಎಂಬ ಕಾಲಂನಲ್ಲಿ ಕಾಣುವ ಭರ್ಜರಿ ಅಂಕಿಯಲ್ಲಿ ಆ ಕಾಲದ ಪಾಲೂ ಇದೆ. ಮ್ಯಾನೇಜರ್ ಯಾವ ವರ್ಷ ಬಂದರು ಎಂದೂ ಫ್ಯಾಕ್ಟ್‌ಶೀಟಿನಲ್ಲಿ ಬರೆದಿರುತ್ತದೆ. ಹಿಂದಿನವರ ಸಾಧನೆಯನ್ನು ನಿನ್ನೆ ಬಂದವರ ಖಾತೆಗೆ ಬರೆಯಬೇಡಿ. ವರ್ಗದ ಸರಾಸರಿಯ ಜೊತೆ ಹೋಲಿಸುವುದರಲ್ಲೂ ಒಂದು ತೊಡಕಿದೆ: ಸೋತ ಫಂಡುಗಳನ್ನು ಬೇರೆಯವುಗಳಲ್ಲಿ ವಿಲೀನ ಮಾಡಿದಾಗ ಅವುಗಳ ದಾಖಲೆ ಮರೆಯಾಗುತ್ತದೆ, ಉಳಿದವರ ಸರಾಸರಿ ಇದ್ದದ್ದಕ್ಕಿಂತ ಚೆಂದ ಕಾಣುತ್ತದೆ.

ಈಗ ನಿಮ್ಮದೇ ಫಂಡಿಗೆ ನಿಜವಾದ ಪರೀಕ್ಷೆ. ಯಾವುದಾದರೂ ನಿಫ್ಟಿ 100 ಇಂಡೆಕ್ಸ್ ಫಂಡಿನ (ಸೂಚ್ಯಂಕದ ಕಂಪನಿಗಳನ್ನೇ ಸುಮ್ಮನೆ ಕೊಂಡಿಡುವ ಫಂಡ್) ಡೈರೆಕ್ಟ್ ಪ್ಲಾನಿನ (ಮಧ್ಯವರ್ತಿ ಇಲ್ಲದೆ ಕೊಳ್ಳುವಂಥದ್ದು) ಹಳೆಯ ಎನ್‌ಎವಿಗಳನ್ನು ಫಂಡ್ ಕಂಪನಿಗಳ ಸಂಘವಾದ ಆಂಫಿಯ ಜಾಲತಾಣದಿಂದ ತೆಗೆಯಿರಿ. ನಿಮ್ಮ 36 ಕಂತುಗಳ ದಿನಾಂಕಗಳಂದು ಅದೇ ಹಣದಿಂದ ಎಷ್ಟೆಷ್ಟು ಯೂನಿಟ್ ಸಿಗುತ್ತಿತ್ತು ಎಂದು ಭಾಗಿಸಿ, ಕೂಡಿಸಿ, ಇಂದಿನ ಎನ್‌ಎವಿಯಿಂದ ಗುಣಿಸಿ. ಸೂಚ್ಯಂಕವನ್ನು ಬಿಟ್ಟು ಇಂಡೆಕ್ಸ್ ಫಂಡನ್ನೇ ಹಿಡಿಯಲು ಹೇಳುವುದಕ್ಕೆ ಕಾರಣವಿದೆ: ಸೂಚ್ಯಂಕಕ್ಕೆ ಖರ್ಚಿಲ್ಲ, ಅದನ್ನು ಯಾರೂ ನೇರವಾಗಿ ಕೊಳ್ಳಲಾರರು. ಉತ್ತರ 4.31 ಲಕ್ಷಕ್ಕಿಂತ ಕಡಿಮೆ ಬಂದರೆ ನಿಮ್ಮ ಫಂಡ್ ಗೆದ್ದಿದೆ. 4.37 ಲಕ್ಷದ ಆಸುಪಾಸು ಬಂದರೆ ವರ್ಷಕ್ಕೆ ಸುಮಾರು ಒಂದು ಪ್ರತಿಶತ ಹಿಂದೆ ಬಿದ್ದಿದೆ ಎಂದರ್ಥ. ಹಿಂದೆ ಬಿದ್ದಿದ್ದರೆ ಆಶ್ಚರ್ಯಪಡಬೇಕಿಲ್ಲ. ಮೈಕೆಲ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 1945ರಿಂದ 1964ರವರೆಗಿನ ಅವಧಿಯ 115 ಅಮೆರಿಕನ್ ಫಂಡುಗಳನ್ನು ಪರಿಶೀಲಿಸಿ 1968ರಲ್ಲೇ ಹೇಳಿದ್ದರು, ಸರಾಸರಿಯಲ್ಲಿ ಇವು ಸುಮ್ಮನೆ ಕೊಂಡಿಡುವವರನ್ನು ಮೀರಿಸಿಲ್ಲ ಎಂದು. ನಮ್ಮಲ್ಲೂ ಲಾರ್ಜ್‌ಕ್ಯಾಪ್ ವರ್ಗದಲ್ಲಿ ದೀರ್ಘಾವಧಿಗೆ ಹೆಚ್ಚಿನ ಫಂಡುಗಳು ಸೂಚ್ಯಂಕಕ್ಕಿಂತ ಹಿಂದುಳಿಯುವುದನ್ನು, ಫಂಡುಗಳನ್ನು ಸೂಚ್ಯಂಕದ ಜೊತೆ ಹೋಲಿಸುವ ಸ್ಪೈವಾ ವರದಿಗಳು ಮತ್ತೆ ಮತ್ತೆ ತೋರಿಸಿವೆ.

ಹಿಂದೆ ಬೀಳುವುದಕ್ಕೆ ಒಂದು ಸರಳ ಕಾರಣ ಖರ್ಚು. ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಜೊತೆ ‘ರೆಗ್ಯುಲರ್’ ಎಂದಿರಬೇಕು, ಬ್ಯಾಂಕಿನ ಮೂಲಕ ಕೊಂಡದ್ದಲ್ಲವೇ? 2013ರ ಜನವರಿಯಿಂದ ಪ್ರತಿ ಫಂಡಿಗೂ ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ಹಲವು ಈಕ್ವಿಟಿ (ಷೇರು) ಫಂಡುಗಳಲ್ಲಿ ಎರಡರ ಖರ್ಚಿನ ಅಂತರ ವರ್ಷಕ್ಕೆ ಅರ್ಧದಿಂದ ಒಂದು ಪ್ರತಿಶತ. ತಿಂಗಳಿಗೆ 10,000ದಂತೆ 20 ವರ್ಷ ಶೇ. 12ರ ಗಳಿಕೆಯಲ್ಲಿ ಸುಮಾರು 92 ಲಕ್ಷವಾಗುತ್ತದೆ, ಶೇ. 11ರಲ್ಲಿ 81.5 ಲಕ್ಷ. ಆ ಒಂದು ಪ್ರತಿಶತದ ಬೆಲೆ ಹತ್ತು ಲಕ್ಷದ ಮೇಲೆ. ಮುಂದಿನ ವರ್ಷ ಮಾರುಕಟ್ಟೆ ಏನು ಕೊಡುತ್ತದೆ ಎಂದು ಯಾರೂ ಹೇಳಲಾರರು; ಖರ್ಚು ಎಷ್ಟು ಹೋಗುತ್ತದೆ ಎಂಬುದು ಇಂದೇ ಗೊತ್ತಿರುತ್ತದೆ.

ಇನ್ನು ಬ್ಯಾಂಕಿನವರ ಸ್ಮಾಲ್‌ಕ್ಯಾಪ್ ಸಲಹೆ. ಒಂದು ವರ್ಷದ ಅಂಕಿ ನೋಡಿ ಫಂಡ್ ಬದಲಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಲಾರ್ಜ್‌ಕ್ಯಾಪ್ ಫಂಡಿನ ಎದುರು ಸ್ಮಾಲ್‌ಕ್ಯಾಪ್ ಫಂಡನ್ನು ನಿಲ್ಲಿಸಿ ಗಳಿಕೆ ಹೋಲಿಸುವುದೇ ತಪ್ಪು, ಎರಡರ ಅಪಾಯ ಬೇರೆ. ವಿಲಿಯಂ ಶಾರ್ಪ್ 1966ರಲ್ಲಿ ಸೂಚಿಸಿದ ಅನುಪಾತ ಇದಕ್ಕಾಗಿಯೇ ಇರುವುದು: ಅಪಾಯವಿಲ್ಲದ ಬಡ್ಡಿಗಿಂತ ಮೇಲೆ ಬಂದ ಗಳಿಕೆಯನ್ನು ಏರಿಳಿತದ ಪ್ರಮಾಣದಿಂದ ಭಾಗಿಸುವುದು. ಫ್ಯಾಕ್ಟ್‌ಶೀಟಿನಲ್ಲಿ ಅದೂ ಇರುತ್ತದೆ. ಒಂದೇ ವರ್ಗದ, ಒಂದೇ ಅವಧಿಯ ಎರಡು ಫಂಡುಗಳ ನಡುವೆ ಹೆಚ್ಚಿದ್ದಷ್ಟು ಒಳ್ಳೆಯದು, ಅಷ್ಟು ತಿಳಿದಿದ್ದರೆ ಸಾಕು. ನನ್ನ ಬಳಿ ಬರುವವರಿಗೆ ನಾನು ಅನುಪಾತಕ್ಕಿಂತ ರೂಪಾಯಿಯಲ್ಲೇ ಕೇಳುತ್ತೇನೆ. 2020ರ ಜನವರಿಯಿಂದ ಮಾರ್ಚ್‌ವರೆಗಿನ ಆ ಎರಡು ಚಿಲ್ಲರೆ ತಿಂಗಳಲ್ಲಿ ನಿಫ್ಟಿ ಬಿದ್ದದ್ದು ಶೇ. 38, ಇಂದು ಹಾಗಾದರೆ ನಿಮ್ಮ 4.31 ಲಕ್ಷ 2.65 ಲಕ್ಷ ಎಂದು ಕಾಣುತ್ತದೆ, ಕಟ್ಟಿದ್ದಕ್ಕಿಂತ ಸುಮಾರು ಒಂದು ಲಕ್ಷ ಕಡಿಮೆ. ಆ ತಿಂಗಳೂ ಕಂತು ಕಟ್ಟುತ್ತೀರಾ? ಸ್ಮಾಲ್‌ಕ್ಯಾಪ್ ಸೂಚ್ಯಂಕಗಳಂತೂ 2018ರ ಜನವರಿಯಿಂದ ಇಳಿಯುತ್ತ ಹೋಗಿ 2020ರ ಮಾರ್ಚ್ ವೇಳೆಗೆ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿದ್ದವು. ಎರಡು ವರ್ಷಕ್ಕೂ ಮಿಕ್ಕ ಇಳಿಜಾರು ಅದು. ಬೀಳುವಾಗ ಸಣ್ಣ ಕಂಪನಿಗಳ ಷೇರುಗಳಿಗೆ ಕೊಳ್ಳುವವರೂ ಸಿಗುವುದಿಲ್ಲ. ಅದಕ್ಕೇ 2024ರ ಮಾರ್ಚ್‌ನಿಂದ ಮಿಡ್‌ಕ್ಯಾಪ್ ಮತ್ತು ಸ್ಮಾಲ್‌ಕ್ಯಾಪ್ ಫಂಡುಗಳು ತಮ್ಮ ಷೇರುಗಳ ಕಾಲು ಭಾಗ, ಅರ್ಧ ಭಾಗ ಮಾರಲು ಎಷ್ಟು ದಿನ ಬೇಕೆಂದು ಪ್ರಕಟಿಸುತ್ತಿವೆ. ಬ್ಯಾಂಕಿನವರು ಹೇಳಿದ ಫಂಡಿನ ಆ ಅಂಕಿಯನ್ನು ಅವರಲ್ಲೇ ಕೇಳಿ. ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಬದಲಾವಣೆ ಎಂದರೆ ಕಾನೂನಿನ ಲೆಕ್ಕದಲ್ಲಿ ಮಾರಾಟ. 2024ರ ಜುಲೈ 23ರಿಂದ ಈಕ್ವಿಟಿ ಫಂಡುಗಳಲ್ಲಿ ವರ್ಷ ದಾಟಿದ ಯೂನಿಟ್‌ಗಳ ಲಾಭಕ್ಕೆ, ವರ್ಷಕ್ಕೆ 1.25 ಲಕ್ಷದ ಮೇಲಿನದಕ್ಕೆ, ಶೇ. 12.5 ತೆರಿಗೆ; ವರ್ಷ ದಾಟದವುಗಳಿಗೆ ಶೇ. 20. ನಿಮ್ಮ ಒಟ್ಟು ಲಾಭವೇ 71,000 ಆದ್ದರಿಂದ ಹಳೆಯ 24 ಕಂತುಗಳಿಗೆ, ಬೇರೆ ಷೇರು ಮಾರಾಟವಿಲ್ಲದಿದ್ದರೆ, ತೆರಿಗೆ ಬರುವುದಿಲ್ಲ. ಇತ್ತೀಚಿನ 12 ಕಂತುಗಳ ಲಾಭಕ್ಕೆ ಶೇ. 20, ಜೊತೆಗೆ ವರ್ಷದೊಳಗೆ ತೆಗೆದರೆ ಹಲವು ಫಂಡುಗಳು ಹಿಡಿಯುವ ಶೇ. 1ರ ಎಕ್ಸಿಟ್ ಲೋಡ್.

ಹಾಗಾಗಿ ನನ್ನ ಸಲಹೆ ಹೀಗೆ. ಸ್ಮಾಲ್‌ಕ್ಯಾಪ್‌ಗೆ ಬದಲಾಯಿಸಬೇಡಿ, ನಿವೃತ್ತಿಗೆ ಒಂಬತ್ತು ವರ್ಷ ಇರುವಾಗ ಇರುವ ಒಂದೇ ಫಂಡನ್ನು ಅತ್ತ ಹೊರಳಿಸುವ ಅಗತ್ಯ ನಿಮಗಿಲ್ಲ. ಮೇಲೆ ಹೇಳಿದ 36 ಕಂತುಗಳ ಪರೀಕ್ಷೆಯನ್ನೂ ರೋಲಿಂಗ್ ರಿಟರ್ನ್ ಅನ್ನೂ ಒಂದು ಭಾನುವಾರ ಕೂತು ನೋಡಿ. ಎರಡರಲ್ಲೂ ಫಂಡ್ ಸೂಚ್ಯಂಕದ ಸಮಕ್ಕೆ ಅಥವಾ ಮುಂದೆ ಇದ್ದರೆ ಹಾಗೆಯೇ ಮುಂದುವರಿಸಿ, ವರ್ಷಕ್ಕೊಮ್ಮೆ ಮಾತ್ರ ತಿರುಗಿ ನೋಡಿ. ಎರಡರಲ್ಲೂ ಹಿಂದಿದ್ದರೆ ಈ ಎಸ್‌ಐಪಿ ನಿಲ್ಲಿಸಿ, ಹೊಸ ಕಂತನ್ನು ಕಡಿಮೆ ಖರ್ಚಿನ ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನಿಗೆ ಕಟ್ಟಿ; ಹಳೆಯ ಯೂನಿಟ್‌ಗಳನ್ನು ಒಂದೊಂದಕ್ಕೂ ವರ್ಷ ತುಂಬಿದ ಮೇಲೆ, 1.25 ಲಕ್ಷದ ಮಿತಿಯೊಳಗೆ, ನಿಧಾನವಾಗಿ ಅತ್ತ ಸಾಗಿಸಿ. ನಡುವೆ ಬ್ಯಾಂಕಿನವರು ಮತ್ತೆ ಫೋನ್ ಮಾಡಿದರೆ, ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯಕ್ಕೆ ನಿಮಗೆ ಬರುವ ಅರ್ಧವಾರ್ಷಿಕ ಸ್ಟೇಟ್‌ಮೆಂಟನ್ನು ತೆರೆದಿಟ್ಟುಕೊಂಡೇ ಮಾತನಾಡಿ. ನಿಮ್ಮ ಹೂಡಿಕೆಯಿಂದ ಅವರಿಗೆ ಸಂದ ಕಮಿಷನ್ ಎಷ್ಟೆಂದು ಅದರಲ್ಲಿ ರೂಪಾಯಿ ಲೆಕ್ಕದಲ್ಲೇ ಬರೆದಿರುತ್ತದೆ.